ನಮ್ಮ ಯಜಮಾನರ ಜೀನ್ಸ್, ಕಂಪನಿಯ ಗಾದಿ

ಕಳೆದ ತಿಂಗಳು ನಮ್ಮ ಯಜಮಾನರು ಜೀನ್ಸ್ ಹಾಕಿಕೊಂಡರು.

ನಗಬೇಡಿ. ನಿಮ್ಮೆಲ್ಲರ ಪಾಲಿನದನ್ನೂ ನಾನೇ ನಕ್ಕು ಮುಗಿಸಿದ್ದೇನೆ. ಅರವತ್ತು ದಾಟಿದ ಗಂಡಸು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಕೆಳಗೆ ಕಡುನೀಲಿ ಜೀನ್ಸ್. ಕನ್ನಡಿಯ ಮುಂದೆ ನಿಂತು ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಶಾಂತಾ, ಇದರಾಗ ಉಸರು ಹ್ಯಾಂಗ ಬಿಡಬೇಕು?"

ಯಾಕೆ ಹಾಕಿಕೊಂಡರು ಅಂತೀರಾ? ಇಂಟರ್‌ವ್ಯೂಗೆ. ಹೌದ್ರಿ, ನೌಕರಿಯ ಇಂಟರ್‌ವ್ಯೂಗೆ. ರಿಟೈರ್ ಆದ ಮೇಲೆ!

ಇವರು ಸರ್ಕಾರಿ ನೌಕರಿಯಲ್ಲಿದ್ದಷ್ಟು ದಿನ ನಮ್ಮ ಮನೆಯಲ್ಲಿ ಬಟ್ಟೆಯ ಪ್ರಶ್ನೆಯೇ ಇರಲಿಲ್ಲ. ಸಫಾರಿ. ಆಳಂದದಲ್ಲಿ ಸಫಾರಿ, ಜೇವರ್ಗಿಗೆ ವರ್ಗವಾದಾಗ ಸಫಾರಿ, ಕಡೆಗೆ ಅಫಜಲಪುರಕ್ಕೆ ಬಂದು ಇಲ್ಲೇ ಮನೆ ಕಟ್ಟಿದಾಗಲೂ ಸಫಾರಿ. ಬೂದಿ ಬಣ್ಣದ್ದೊಂದು, ಕಂದು ಬಣ್ಣದ್ದೊಂದು, ಮಣ್ಣಿನ ಬಣ್ಣದ್ದೊಂದು. (ಮೂರನೆಯದು ಮೊದಲು ಕಂದು ಬಣ್ಣದ್ದೇ ಆಗಿತ್ತು. ಒಗೆದು ಒಗೆದು ಮಣ್ಣಾಯಿತು.) ನಾನು ಇಸ್ತ್ರಿ ಮಾಡಿ ಗೂಟಕ್ಕೆ ಹಾಕುತ್ತಿದ್ದೆ, ಅವರು ತೊಟ್ಟು ಹೋಗುತ್ತಿದ್ದರು. ಸಂಸಾರ ಸಲೀಸಾಗಿತ್ತು.

ರಿಟೈರ್ ಆದ ಹೊಸದರಲ್ಲೂ ಸಫಾರಿ ಹಾಕಿಕೊಂಡೇ ಬಸ್‌ಸ್ಟ್ಯಾಂಡ್ ಕಡೆ ಚಹಾ ಕುಡಿಯಲು ಹೋಗುತ್ತಿದ್ದರು. ಒಂದು ದಿನ ಹೋಟೆಲಿನಲ್ಲಿ ಯಾರೋ ಚೇಷ್ಟೆಗೆ, "ಏನ್ ಸಾಹೇಬ್ರ, ಇನ್ನೂ ಡ್ಯೂಟಿ ಮ್ಯಾಲ ಅದೀರೇನ್ರಿ?" ಅಂದರಂತೆ. ಅಂದವರು ಚಹಾ ಕುಡಿದು ಮರೆತರು. ಇವರು ಮನೆಗೆ ಬಂದು ಸಫಾರಿ ಬಿಚ್ಚಿ ಟ್ರಂಕಿನಲ್ಲಿಟ್ಟರು.

ಆಮೇಲೆ ಶುರುವಾಯಿತು ನೋಡಿ ಬನಿಯನ್-ಲುಂಗಿಯ ಕಾಲ. ದಿನಾ ಗಡ್ಡ ಕೆರೆಯುತ್ತಿದ್ದವರು ವಾರಕ್ಕೊಮ್ಮೆ ಕೆರೆಯತೊಡಗಿದರು. ಹೊರಗಿನ ಕಚೇರಿ ಮುಗಿಯಿತಲ್ಲ, ನನ್ನ ಅಡುಗೆಮನೆಯನ್ನೇ ಕಚೇರಿ ಮಾಡಿಕೊಂಡರು. ಶೇಂಗಾ ಹಿಂಡಿಯ ಡಬ್ಬಿ ಎಲ್ಲಿರಬೇಕು, ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟು ಹಾಕಬೇಕು, ಎಲ್ಲದಕ್ಕೂ ಇವರ ಮಂಜೂರಾತಿ ಬೇಕು. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಿಂತು, "ಇನ್ನೊಂದ್ ಸ್ವಲ್ಪ ತೆಳ್ಳಗ ಮಾಡು," ಎನ್ನುವರು. ರೊಟ್ಟಿ ಬಡಿಯುವ ಹೆಂಗಸಿಗೆ ಹೀಗೆ ಹೇಳಿ ಕ್ಷೇಮವಾಗಿ ಉಳಿದವರನ್ನು ನೀವು ಕಂಡಿದ್ದೀರಾ?

ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು. ಸಂಜೆ ಬಾಗಿಲ ಹೊಸ್ತಿಲ ಬಳಿ ಕೂತು, ಬರುವವರು ಹೋಗುವವರನ್ನು ನೋಡುತ್ತ, ಯಾರಾದರೂ ಮಾತಾಡಿಸಲಿ ಎಂದು ಕಾಯುವ ಗಂಡನನ್ನು ಒಳಗಿನಿಂದ ನೋಡಿದರೆ ಕರುಳು ಚುರ್ ಎನ್ನುತ್ತಿತ್ತು. ಮನುಷ್ಯ ಕಣ್ಣೆದುರೇ ಇದ್ದಾನೆ, ಆದರೆ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಸವೆಯುತ್ತಿದ್ದಾನೆ. ಔಷಧಿ ಎಲ್ಲಿ ಸಿಗುತ್ತದೆ ಇದಕ್ಕೆ?

ಅಷ್ಟರಲ್ಲಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಕಂಪನಿ ಬಂತು. ಹುಡುಗ ಹುಡುಗಿಯರೇ ಸೇರಿ ಮಾಡಿದ್ದು. ಹೊಲದ ಮಣ್ಣು ಪರೀಕ್ಷೆ ಮಾಡಿಸಿಕೊಡುತ್ತಾರೆ, ಯಾವ ಬೀಜ, ಯಾವಾಗ ಮಳೆ, ಎಲ್ಲ ಮೊಬೈಲಿನಲ್ಲೇ ತಿಳಿಸುತ್ತಾರೆ. ಹಳ್ಳಿಗಳಿಗೆ ಹೋಗಿ ರೈತರ ಜೊತೆ ಮಾತಾಡುವುದಕ್ಕೆ ಒಬ್ಬರು ಹಿರಿಯರು ಬೇಕಾಗಿದ್ದಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಇವರಿಗೆ ಹೇಳಿದೆ. "ನನ್ನನ್ನ ಯಾರ್ ತಗೋತಾರ ಈಗ," ಅಂದರು. ಆದರೆ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಗಡ್ಡ ಕೆರೆಯುತ್ತಿದ್ದರು. ನಾನು ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

ಫೋನ್ ಮಾಡಿದರು. ಆ ಕಡೆ ಕಂಪನಿಯ ಮುಖ್ಯಸ್ಥೆ, ಸ್ನೇಹಾ ಅಂತ, ಕಲಬುರಗಿಯ ಹುಡುಗಿ. ಸೋಮವಾರ ಬನ್ನಿ ಎಂದಳು. ಕಡೆಗೆ ಒಂದು ಮಾತು ಸೇರಿಸಿದಳು: "ಡ್ರೆಸ್ಸಿಂದೇನ್ ತಲಿ ಕೆಡಸ್ಕೋಬ್ಯಾಡ್ರಿ ಅಂಕಲ್. ನಮ್ಮಲ್ಲಿ ಎಲ್ಲಾ ಕ್ಯಾಶುವಲ್ ಅದ. ಆರಾಮ್ ಬರ್ರಿ."

ಆ ಹುಡುಗಿ ಫೋನ್ ಇಟ್ಟಳು. ನಮ್ಮ ಮನೆಯ ಆರಾಮ ಅಲ್ಲಿಗೆ ಮುಗಿಯಿತು.

"ಕ್ಯಾಶುವಲ್ ಅಂದ್ರ ಏನು?" ಅಂತ ಇವರು. "ನನಗ ಕ್ಯಾಶುವಲ್ ಲೀವ್ ಒಂದೇ ಗೊತ್ತು."

ಆರಾಮವಾಗಿ ಬನ್ನಿ ಎಂದರೆ ನಮ್ಮ ಮನೆಯ ಲೆಕ್ಕದಲ್ಲಿ ಲುಂಗಿ. ಹಾಗೆ ಹೋಗಲಾಗುತ್ತದೆಯೇ? ಸಫಾರಿಯೇ ಹಾಕಿಕೊಳ್ಳಿ, ಇಜ್ಜತ್ ಇರುತ್ತದೆ ಎಂದು ನನ್ನ ವಾದ. ಇವರು ಟ್ರಂಕಿನ ಕಡೆ ತಿರುಗಿಯೂ ನೋಡಲಿಲ್ಲ. ಜೇವರ್ಗಿಯಲ್ಲಿರುವ ನಮ್ಮ ಮಗಳು ಶ್ವೇತಾಳಿಗೆ ಫೋನ್ ಹೋಯಿತು. ಅವಳು ಶಾಲೆಯ ಟೀಚರ್, ಅವಳ ಮಾತು ಸುಪ್ರೀಂ ಕೋರ್ಟು.

"ಯವ್ವಾ, ನಿನಗೇನ್ ಹುಚ್ಚೇನ? ಅಪ್ಪ ಸಫಾರಿ ಹಾಕ್ಕೊಂಡ್ ಹೋದ್ರ ಆ ಹುಡುಗುರು ಇನ್‌ಸ್ಪೆಕ್ಷನ್‌ಗೆ ಬಂದಾರಂತ ತಿಳ್ಕೊಂಡು ಫೈಲ್ ತಗದ್ ತೋರಸ್ತಾರ. ನೌಕರಿ ಕೊಡಂಗಿಲ್ಲ. ನಾ ತರ್ತೇನಿ ತಡಿ," ಅಂದಳು.

ಭಾನುವಾರ ಬಂದಳು. ಜೀನ್ಸ್ ತಂದಳು. ಅಪ್ಪನ ಅಳತೆ ನೆನಪಿರಲಿಲ್ಲವಂತೆ, ತನ್ನ ಗಂಡನ ಅಳತೆಯದ್ದೇ ತಂದಿದ್ದಳು! "ಸ್ಟ್ರೆಚ್ ಅದ ಅಪ್ಪಾ, ಹಾಕ್ಕೋತ ಹಾಕ್ಕೋತ ತಾನ ಸಡ್ಲ ಆಗ್ತದ." ಯಾವುದು ಸಡಿಲಾಗುತ್ತದೆ? ಪ್ಯಾಂಟೋ, ಒಳಗಿದ್ದವರೋ? ಜೊತೆಗೆ ಹಸಿರು ಬಣ್ಣದ ಕಾಲರ್ ಟೀ ಶರ್ಟು. ಹೊಸ ಅರಿವಿ-ಬಟ್ಟೆ ಎಂದ ಮೇಲೆ ಮುಗಿಯಿತು, ನಾನು ಜೇಬಿನ ಒಳಮೂಲೆಗೆ ಅರಿಶಿಣ ಹಚ್ಚಿ ದೇವರ ಮುಂದಿಟ್ಟೆ. "ಜೀನ್ಸಿಗೂ ಅರಿಶಿಣ ಹಚ್ತೀಯಲ್ಲ ಯವ್ವಾ," ಎಂದು ಮಗಳು ಹಣೆ ಹಣೆ ಬಡಿದುಕೊಂಡಳು. ಯಾಕೆ ಹಚ್ಚಬಾರದು? ಅದೇನು ಅರಿವಿ ಅಲ್ಲವೇ?

ವಿಭೂತಿ ಸ್ವಲ್ಪ ಸಣ್ಣದು ಮಾಡು ಅಪ್ಪಾ ಎಂದೂ ಹೇಳಿ ನೋಡಿದಳು. ಆಗ ಮಾತ್ರ ಇವರ ದನಿ ಗಟ್ಟಿಯಾಯಿತು. "ಕಾಲಿಂದು ನೀ ಹೇಳ್ದಂಗ. ಹಣೀದು ನಾ ಹೇಳ್ದಂಗ."

ಈ 'ಕ್ಯಾಶುವಲ್' ಎನ್ನುವ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತದು. ಹೆಂಗಸರಿಗೆ ಇದು ಬಹಳ ಹಿಂದಿನಿಂದ ಗೊತ್ತು. ನನ್ನ ತವರು ಮಟಕಿಯಲ್ಲಿ ಒಮ್ಮೆ ಚಿಕ್ಕಪ್ಪನ ಮಗಳ ಕುಬಸ. ಬಸುರಿಗೆ ಸೀರೆ ಕುಬಸ ಉಡಿಸುವ ಕಾರ್ಯ. "ಮನಿ ಮಂದಿ ಅಷ್ಟ ಅಕ್ಕಾ, ಸುಮ್ನ ಬಾ," ಎಂದಳು. ನಾನು ನಂಬಿ ವಾಯಿಲ್ ಸೀರೆ ಉಟ್ಟು ಹೋದೆ. ಹೋಗಿ ನೋಡಿದರೆ ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಎಲ್ಲರೂ ರೇಷ್ಮೆ, ಜರಿ, ಬಂಗಾರ. ಫೋಟೋ ತೆಗೆಯುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಸ್ವಲ್ಪ ಸರೀರಿ, ಮನಿಯವರ್ದು ಫೋಟೋ ತೆಗಿಯೋದದ," ಅಂದ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ. ಸರಿ. ಆದರೆ ಆ ಪರರು ತಮ್ಮ ಇಚ್ಛೆ ಏನೆಂದು ಬಾಯಿಬಿಟ್ಟು ಹೇಳಬೇಕಲ್ಲ? ಯೂನಿಫಾರ್ಮ್ ಹಾಕಿಕೊಂಡು ಬಾ ಎನ್ನುವವರು ಒಳ್ಳೆಯವರು. ಏನಾದರೂ ನಡೆಯುತ್ತದೆ ಎನ್ನುವವರ ಹತ್ತಿರ ಹುಷಾರಾಗಿರಿ. ನಿಯಮ ಅವರಲ್ಲೂ ಇರುತ್ತದೆ, ಹೊಸಬರು ತಪ್ಪು ಮಾಡಿದ ಮೇಲಷ್ಟೇ ಗೊತ್ತಾಗುತ್ತದೆ.

ಸೋಮವಾರ ಬಂತು. ಒಬ್ಬರೇ ಹೋಗಿ ಎಂದರೆ, "ನಿನಗೂ ಬಜಾರಕ್ಕ ಹೋಗೋದ್ ಇತ್ತಲ್ಲ," ಎಂದರು. ನನಗೇನೂ ಇರಲಿಲ್ಲ. ಆದರೂ ಚೀಲ ಹಿಡಿದು ಹೊರಟೆ. ಟೀ ಶರ್ಟನ್ನು ಒಳಗೆ ತೂರಿಸಿ ಬೆಲ್ಟು ಬಿಗಿದಿದ್ದರು. (ಮಗಳು ಹೊರಗೆ ಬಿಡಬೇಕು ಎಂದಿದ್ದಳು. ಅಂಗಿ ಹೊರಗೆ ಬಿಟ್ಟು ಇಂಟರ್‌ವ್ಯೂಗೆ ಹೋಗುವಷ್ಟು ಇವರಿನ್ನೂ ಸುಧಾರಿಸಿಲ್ಲ.) ಅರಿಶಿಣ ಹಚ್ಚಿದ ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಡೆದರು. ಈ ನೌಕರಿ ಸಿಗದಿದ್ದರೆ ಈ ಮನುಷ್ಯ ಇನ್ನೊಮ್ಮೆ ಗಡ್ಡ ಕೆರೆಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಶಿವನೇ, ಇದೊಂದು ದಾಟಿಸಪ್ಪಾ ಎಂದುಕೊಂಡೆ.

ಆಫೀಸಿನ ಬಾಗಿಲಲ್ಲಿ ಸ್ನೇಹಾ ಬಂದಳು. ಸಡಿಲ ಪೈಜಾಮ, ಅದಕ್ಕಿಂತ ಸಡಿಲ ಅಂಗಿ, ಬರಿಗಾಲು. "ಬರ್ರಿ ಅಂಕಲ್. ಆಂಟಿ, ನೀವ್ಯಾಕ ಹೊರಗ ನಿಂತೀರಿ, ಒಳಗ ಬರ್ರಿ." ಚಪ್ಪಲಿ ಬಿಟ್ಟು ಒಳಗೆ ಹೋದೆವು.

ಒಳಗೆ ಕುರ್ಚಿ ಇಲ್ಲ. ಟೇಬಲ್ಲೂ ಇಲ್ಲ. ಗೋಡೆಯಿಂದ ಗೋಡೆಗೆ ಬೆಳ್ಳಗಿನ ಗಾದಿ, ಅದರ ಮೇಲೆ ಒರಗುವುದಕ್ಕೆ ಉದ್ದುದ್ದ ಲೋಡು. ರೈತರ ಮಾಲು ಮಾರಿಸಿಕೊಡುವ ನಮ್ಮ ಅಡತಿ ಅಂಗಡಿಗಳಲ್ಲಿ ಇರುತ್ತದಲ್ಲ, ಥೇಟ್ ಹಾಗೆ. ಇನ್ನಿಬ್ಬರು ಹುಡುಗರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರು. "ನಮ್ಮಲ್ಲಿ ಬಾಸ್ ಗೀಸ್ ಇಲ್ಲ ಅಂಕಲ್. ಎಲ್ಲಾರೂ ಕೆಳಗೇ ಕೂಡೋದು. ಕೂಡ್ರಿ."

ನಾನು ಕೂತೆ. ಸೀರೆಗೆ ಏನು ತೊಂದರೆ? ಎಲ್ಲಿ ಬೇಕಾದರೂ ಕೂಡುತ್ತದೆ. ಇವರು ಕೂಡಲು ಹೋದರು. ಮೊಣಕಾಲು ಬಾಗಿಸಿದರು. ಅರ್ಧ ಇಳಿದರು. ಎಲ್ಲೋ ಒಂದು ಹೊಲಿಗೆ ಚರ್ ಎಂದಿತು. ಅಲ್ಲೇ ನಿಂತರು. ಬಸ್ಕಿ ಹೊಡೆಯುವವರು ನಡುವೆ ಲೆಕ್ಕ ತಪ್ಪಿದರೆ ಹೇಗೆ ನಿಲ್ಲುತ್ತಾರೋ ಹಾಗೆ. ನಾನು ಕಣ್ಣು ಮುಚ್ಚಿಕೊಂಡೆ. ನೆಟ್ಟಗಾಗುವ ಸದ್ದು ಕೇಳಿಸಿತು.

"ನನಗ ನಿಂತು ಮಾತಾಡಿ ರೂಢಿ ಅದರಿ," ಎಂದರು. ಮುಖ ಕೆಂಪಾಗಿತ್ತು.

ಹಿರಿಯರು ನಿಂತಿರುವಾಗ ತಾವು ಕೂಡುವುದು ಹೇಗೆ? ಸ್ನೇಹಾ ಎದ್ದಳು. ಆ ಹುಡುಗರೂ ಲ್ಯಾಪ್‌ಟಾಪ್ ಕೆಳಗಿಟ್ಟು ಎದ್ದರು. ಕ್ಯಾಶುವಲ್ ಎಷ್ಟೇ ಇರಲಿ, ನಮ್ಮ ಕಡೆಯ ಮಕ್ಕಳಲ್ಲವೇ? ನಾನೂ ಏಳಲು ಹೋದೆ. "ಆಂಟಿ, ನೀವು ಕೂಡ್ರಿ, ಮೊಣಕಾಲು ನೋಯ್ತಾವ," ಎಂದು ಸ್ನೇಹಾ ಬೆನ್ನಿಗೊಂದು ಲೋಡು ಸರಿಸಿದಳು. ಹೀಗಾಗಿ ಆ ಇಂಟರ್‌ವ್ಯೂ ಹೇಗೆ ನಡೆಯಿತೆಂದರೆ, ತೆಗೆದುಕೊಳ್ಳುವವರು ನಿಂತಿದ್ದಾರೆ, ಕೊಡುವವರೂ ನಿಂತಿದ್ದಾರೆ, ನಾನೊಬ್ಬಳು ಲೋಡಿಗೆ ಒರಗಿ ಕಾಲು ಚಾಚಿ ಕೂತಿದ್ದೇನೆ.

ಸ್ನೇಹಾ ಏನೇನೋ ಕೇಳಿದಳು. ಇವರಿಗೆ ಗಮನವೆಲ್ಲ ಆ ಹೊಲಿಗೆಯ ಮೇಲೆ. ಒಂದಕ್ಕೆ ಹೌದ್ರಿ, ಇನ್ನೊಂದಕ್ಕೆ ಇಲ್ರಿ. ಮೊಬೈಲ್ ಆ್ಯಪ್ ಬಳಸಿ ಗೊತ್ತೇ ಎಂದರೆ, "ಕಲೀತೇನ್ರಿ," ಎಂದು ನೆಲ ನೋಡಿದರು. ಆ ಹುಡುಗಿಯ ಮುಖದಲ್ಲಿ ಮರ್ಯಾದೆ ಇತ್ತು, ಆಸೆ ಇರಲಿಲ್ಲ. ಆಯಿತು, ನಾವು ತಿಳಿಸುತ್ತೇವೆ ಎಂಬ ಮಾತು ಅವಳ ಬಾಯಿಯ ತನಕ ಬಂದದ್ದು ನನಗೆ ಕಾಣಿಸಿತು.

ಆಗ ಬಾಗಿಲಲ್ಲಿ ಒಬ್ಬ ರೈತ ಬಂದ. ಧೋತರ, ಟೊಪ್ಪಿಗೆ, ಹೆಗಲ ಮೇಲೆ ಟವೆಲ್ಲು. ಹೊಸ್ತಿಲ ಆಚೆಯೇ ನಿಂತು ಒಳಗೆ ಇಣುಕಿದ. ನಾಲ್ವರು ನಿಂತಿದ್ದಾರೆ. ಗಾದಿಯ ಮೇಲೆ ನಾನಿದ್ದೇನೆ. ಅವನು ನೇರವಾಗಿ ನನಗೇ ಕೈ ಮುಗಿದ.

"ಅಮ್ಮಾರ, ಗೊಬ್ಬೂರಿಂದ ಬಂದೇನ್ರಿ. ನಮ್ ಹೊಲದ್ ಮಣ್ಣಿಂದು ಏನಾತ್ರಿ?"

"ನನಗ ಕೇಳಬ್ಯಾಡಪ್ಪಾ, ಈ ತಂಗೀದು ಕಂಪನಿ," ಎಂದು ಸ್ನೇಹಾಳನ್ನು ತೋರಿಸಿದೆ. ಅವನು ಆ ಪೈಜಾಮದ ಹುಡುಗಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಗಾದಿಯನ್ನು ನೋಡಿದ. ನಂಬಿಕೆ ಬರಲಿಲ್ಲ.

"ಒಳಗ ಬರ್ರಿ ಕಾಕಾ, ಕೂಡ್ರಿ," ಎಂದಳು ಸ್ನೇಹಾ.

"ಇರ್ಲಿ ಬಿಡವ್ವಾ. ಇಲ್ಲೇ ಆರಾಮ್ ಅದೇನಿ."

"ಯಾಕ್ ಕಾಕಾ? ಹೋದ್ ಸಲಾನೂ ಹೊರಗೇ ನಿಂತು ಹೋದ್ರಿ. ಯಾರೂ ಒಳಗ ಬರಂಗಿಲ್ಲ ನೋಡ್ರಿ."

ಅವನು ನಕ್ಕ. "ಗಾದಿ ಮ್ಯಾಲ ಸಾವ್ಕಾರ್ರು ಕೂಡ್ತಾರವ್ವಾ. ನಾವು ಹ್ಯಾಂಗ್ ಕೂಡೂದು? ಕಾಲಾಗ ಮಣ್ಣ ಅದ."

ಸ್ನೇಹಾ ತಿರುಗಿ ಆ ಗಾದಿಯನ್ನೇ ನೋಡಿದಳು. ಪಾಪ, ಮನೆಯ ಹಾಗೆ ಇರಲಿ, ಬಂದವರು ಸಂಕೋಚಪಡದಿರಲಿ ಎಂದೇ ಅವಳು ಕುರ್ಚಿ ತೆಗೆದು ಗಾದಿ ಹಾಸಿಸಿದ್ದಳಂತೆ. ಆದರೆ ತಲೆತಲಾಂತರದಿಂದ ಮಾಲು ತಂದು ಅಡತಿ ಅಂಗಡಿಯ ಮೆಟ್ಟಿಲ ಬಳಿ ನಿಂತವರಿಗೆ ಬೆಳ್ಳನೆಯ ಗಾದಿ ಕಂಡರೆ ಕಾಲು ತಾನಾಗಿಯೇ ಹೊಸ್ತಿಲಲ್ಲಿ ನಿಲ್ಲುತ್ತದೆ. ಅವಳ ಕ್ಯಾಶುವಲ್ ಅವನಿಗೆ ದರ್ಬಾರಾಗಿತ್ತು. ಕರೆದವರ ಮನಸ್ಸಿನಲ್ಲಿ ಇಲ್ಲದ ನಿಯಮವೂ ಬಂದವರ ಮನಸ್ಸಿನಲ್ಲಿ ಇರುತ್ತದೆ ಎಂದು ನನಗೂ ಆಗಲೇ ಹೊಳೆದದ್ದು.

ಅವನ ಕಣ್ಣು ಈಗ ಇವರ ಮೇಲೆ ಬಿತ್ತು. "ನೀವ್ಯಾಕ ನಿಂತೀರ್ರಿ ಸಾಹೇಬ್ರ? ನಿಮ್ಮ ಕಾಲಾಗ ಮಣ್ಣಿಲ್ಲಲ್ಲ."

ಇವರು ಆ ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ಇನ್ನು ಮುಚ್ಚಿಟ್ಟು ಏನು ಉಪಯೋಗ ಎನ್ನಿಸಿತೋ ಏನೋ.

"ಏನ್ ಮಾಡ್ಲಿ ಮಾರಾಯಾ, ಮಗಳು ತಂದ್ ಪ್ಯಾಂಟ್ ಅದ. ಕೂಡಾಕ ಬಿಡವಲ್ದು. ಕೂತ್ರ ಹರೀತದ, ನಿಂತ್ರ ಉಸರು ನಿಲ್ತದ!"

ರೈತ ಹೋ ಎಂದು ನಕ್ಕ. ತುಟಿ ಕಚ್ಚಿಕೊಂಡಿದ್ದ ಹುಡುಗರೂ ತಡೆಯಲಾರದೆ ನಕ್ಕರು. ಸ್ನೇಹಾ ಮುಖ ಮುಚ್ಚಿಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಯಜಮಾನರು. ರಿಟೈರ್ ಆದಾಗಿನಿಂದ ಆ ನಗು ನಾನು ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ. ನಗುವಿನದೇ ಎಂದುಕೊಂಡಿರಬೇಕು ಅವರೆಲ್ಲ.

"ಬಾ, ಹೊರಗ ಕಟ್ಟಿ ಎತ್ತರ ಅದ. ಅಲ್ಲಿ ಕೂತು ಮಾತಾಡೂಣ," ಎಂದು ಇವರು ಅವನ ಹೆಗಲ ಮೇಲೆ ಕೈಹಾಕಿ ಹೊರಟೇಬಿಟ್ಟರು. ಇಂಟರ್‌ವ್ಯೂ ನಡೆದಿದೆ ಎಂಬುದೂ ನೆನಪಿರಲಿಲ್ಲವೋ ಏನೋ! ಇಬ್ಬರೂ ಕಟ್ಟೆಯ ತುದಿಗೆ ಒರಗಿದರು. ತೊಗರಿ ಹೇಗಿದೆ, ಸೊನ್ನ ಊರಿನ ಬ್ಯಾರೇಜಿನಲ್ಲಿ ನೀರು ಎಷ್ಟಿದೆ, ಎಮ್ಮೆ ಕರು ಹಾಕಿತೇ, ಮಗಳಿಗೆ ಗಂಡು ನೋಡಿದಿರಾ, ಒಂದರ ಹಿಂದೊಂದು. ಸ್ವಲ್ಪ ಹೊತ್ತಿಗೆ ಆ ರೈತ ತನ್ನ ಮೊಬೈಲ್ ಹೊರತೆಗೆದು, "ಇದ್ರಾಗ ಏನೋ ಮೆಸೇಜ್ ಬರ್ತದ್ರಿ ಇವರ್ದು, ನಮಗ ತಿಳಿಯಂಗಿಲ್ಲ," ಎಂದ. ಇವರಿಗೂ ತಿಳಿಯಲಿಲ್ಲ. "ಏ ತಂಗೀ, ಬಾ ಇಲ್ಲಿ, ನಮ್ಮಿಬ್ಬರಿಗೂ ಹೇಳಿಕೊಡು," ಎಂದು ಇವರು ಕೂಗಿದರು. ಸ್ನೇಹಾ ಬರಿಗಾಲಲ್ಲೇ ಹೋಗಿ ಅವರಿಬ್ಬರ ನಡುವೆ ಕಟ್ಟೆಯ ಮೇಲೆ ಕೂತಳು.

ನಾನು ಗಾದಿಯ ಮೇಲೆ ಕೂತು ಬಾಗಿಲಿಂದ ನೋಡುತ್ತಿದ್ದೆ. ಇಷ್ಟು ಹಾಯಾಗಿ ಕೂತು ಬಹಳ ದಿನವಾಗಿತ್ತು. ಒಬ್ಬ ಹುಡುಗ ಚಹಾ ತಂದುಕೊಟ್ಟ.

ರೈತ ಹೋದ ಮೇಲೆ ಸ್ನೇಹಾ ಬೇರೇನೂ ಕೇಳಲಿಲ್ಲ. "ನಾಳಿಯಿಂದ ಬರ್ತೀರೇನ್ರಿ ಅಂಕಲ್? ನೀವು ನಮಗ ಬೇಕ್ರಿ."

ಇವರು ಗಂಟಲು ಸರಿಮಾಡಿಕೊಂಡರು. ಹೌದು ಎನ್ನಬೇಕಾದವರು, "ಏನ್ ಹಾಕ್ಕೊಂಡ್ ಬರ್ಲೆವ್ವಾ?" ಎಂದರು!

"ಕೂಡಾಕ ಬರೋದು ಯಾವ್ದರೆ ಹಾಕ್ಕೊಂಡ್ ಬರ್ರಿ ಅಂಕಲ್," ಎಂದಳು ಹುಡುಗಿ.

ನೋಡಿ, ಇಷ್ಟೇ ಮಾತು ಫೋನಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಇಂಟರ್‌ವ್ಯೂಗೆ ಏನು ಹಾಕಿಕೊಳ್ಳಲಿ ಎಂದು ಈ ಅಂಕಣ ಓದುವ ಮಕ್ಕಳು ನೀವು ಆಗಾಗ ನನ್ನನ್ನು ಕೇಳುತ್ತಿರುತ್ತೀರಿ. (ನನ್ನನ್ನು! ಕುಬಸಕ್ಕೆ ವಾಯಿಲ್ ಉಟ್ಟು ಹೋದವಳನ್ನು!) ನನಗೆ ತಿಳಿದದ್ದು ಹೇಳುತ್ತೇನೆ. ಒಗೆದದ್ದಿರಲಿ, ನಿಮ್ಮ ಅಳತೆಯದ್ದಿರಲಿ, ಕೂಡಲು ಏಳಲು ನಗಲು ಬರುವಂಥದ್ದಿರಲಿ. ಸಂಶಯವಿದ್ದರೆ ಫೋನ್ ಮಾಡಿ ಕೇಳಿ, ಕೇಳಿದರೆ ಯಾರೂ ನೌಕರಿ ಕಸಿದುಕೊಳ್ಳುವುದಿಲ್ಲ. ಯಾರದೋ ಅಳತೆಯದ್ದು ಹಾಕಿಕೊಂಡು ಹೋದರೆ ಮಾತೂ ಯಾರದೋ ಅಳತೆಯದ್ದೇ ಬರುತ್ತದೆ. ಹೊಲಿಗೆ ಕಾಯುವವನಿಗೆ ಉತ್ತರ ಎಲ್ಲಿಂದ ಹೊಳೆಯಬೇಕು?

ಈಗ ತಿಂಗಳಾಗುತ್ತ ಬಂತು. ಆಫೀಸಿನ ಹೊರಗೆ ಬೇವಿನ ಗಿಡದ ನೆರಳಿಗೆ ಎರಡು ಹೊರಸು ಹಾಕಿದ್ದಾರೆ. ಬಂದವರು ಅದರ ಮೇಲೆ ಕೂಡುತ್ತಾರೆ, ಹುಡುಗರೇ ಹೊರಗೆ ಬಂದು ಮಾತಾಡುತ್ತಾರೆ. ಇವರು ಹಳ್ಳಿ ಹಳ್ಳಿ ತಿರುಗಿ ಧೂಳು ಹೊತ್ತು ಮನೆಗೆ ಬರುತ್ತಾರೆ. ಬಂದವರು ಸುಮ್ಮನೆ ಕೂಡುತ್ತಾರೆಯೇ? ಯಾವ ಊರಲ್ಲಿ ಯಾರು ಏನೆಂದರು ಎಂದು ಶುರುಮಾಡಿದರೆ ಊಟದ ತನಕ ನನಗೆ ಬಾಯಿ ತೆರೆಯಲು ಆಸ್ಪದವಿಲ್ಲ. ಬಡಿಸಿದ ರೊಟ್ಟಿ ದಪ್ಪವೋ ತೆಳ್ಳಗೋ ನೋಡದೆ ತಿನ್ನುತ್ತಾರೆ. ಜೀನ್ಸು ಅಳಿಯನ ಪಾಲಾಯಿತು.

ಮೊನ್ನೆ ಬೆಳಿಗ್ಗೆ ಇವರು ಹೊರಟಾಗ ಎದುರು ಮನೆಯ ಕಸ್ತೂರಿಬಾಯಿ ಅಂಗಳದಲ್ಲಿ ನಿಂತು ನೋಡಿದಳು. "ನಿಮ್ಮ ಯಜಮಾನ್ರಿಗಿ ಈಗೀಗ ಭಾಳ ಕಳಿ ಬಂದದ್ರಿ ಅಕ್ಕಾರ. ಹೊಸಾ ಅಂಗಿ ಏನ್ರಿ?" ಎಂದಳು. ನಾನೂ ನೋಡಿದೆ. ಹಳೆಯ ಗೀರಿನ ಅಂಗಿ. ಕಾಲರ್ ಸವೆದಿತ್ತೆಂದು ತಿರುಗಿಸಿ ಹೊಲಿಸಿದ್ದು.

ಆ ಕಳೆ ಅಂಗಿಯದೋ, ಅಥವಾ "ನೀವು ನಮಗ ಬೇಕ್ರಿ" ಎಂದ ಆ ಹುಡುಗಿಯ ಮಾತಿನದೋ, ನೀವೇ ಹೇಳ್ರಿ?